ಕಲಾಯಿ ಹಯಾತಮ್ಮನೂ ಕಣಿವೆಯ ಕಾರೂ

ಬಹಳ ಹಿಂದೆ. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಒಂದು ಕಣಿವೆಯ ಬುಡದಲ್ಲಿ ಒಂದೂರಿತ್ತು. ಬೇವಿನಗುಂದಿ ಅಂತ ಹೆಸರು. ಊರ ಮುಂದೆ ಕೆರೆ, ಊರ ಹಿಂದೆ ಗುಡ್ಡ, ಗುಡ್ಡದ ನಡುವೆ ಏಳು ತಿರುವಿನ ರಸ್ತೆ, ಅದನ್ನೇ ಕಣಿವೆ ಅನ್ನೋದು. ಆ ರಸ್ತೆ ಹತ್ತಿ ಇಳಿದರೆ ಆಚೆ ಸೀಮೆ. ಈಚೆ ಹುಟ್ಟಿದ ಹೆಣ್ಣುಮಕ್ಕಳನ್ನು ಹೆಚ್ಚಾಗಿ ಆಚೆಗೇ ಕೊಡುತ್ತಿದ್ದರು. ಆಚೆ ನಾಲೆ ನೀರಿತ್ತು, ಈಚೆ ಬರೀ ಕೆರೆ. ಅಷ್ಟೇ, ಬೇರೆ ಗುಟ್ಟೇನಿಲ್ಲ.

ಆ ಊರಲ್ಲಿ ಕಲಾಯಿ ಹಯಾತಮ್ಮ ಅಂತ ಒಬ್ಬಳಿದ್ದಳು. ತಾಮ್ರ ಹಿತ್ತಾಳೆ ಪಾತ್ರೆಗೆ ತವರ ಬಳಿದು ಕಲಾಯಿ ಹಾಕೋದು, ಸೋರೋ ಹಂಡೆಗೆ ಬೆಸುಗೆ ಹಾಕೋದು ಅವಳ ಕಸುಬು. ಗಂಡ ಇದ್ದಾಗ ಅವನು ಕಲಾಯಿ ಹಾಕುತ್ತಿದ್ದ, ಇವಳು ಬೆಂಕಿಗೆ ಗಾಳಿ ಊದೋ ತಿದಿ ಒತ್ತುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತಿದಿಯನ್ನೂ ಒತ್ತಿದಳು, ಇಕ್ಕಳವನ್ನೂ ಹಿಡಿದಳು. ಹೆಂಗಸು ಕಲಾಯಿ ಹಾಕೋದುಂಟಾ ಅಂತ ನಾಲ್ಕು ದಿನ ಜನ ಮೂಗು ಮುರಿದರು. ಐದನೇ ದಿನ ಅವರವರ ಮನೆ ಹಂಡೆ ಸೋರಿತು, ತಾವೇ ಹೊತ್ತುಕೊಂಡು ಬಂದರು. ಜನ ಅಂದರೆ ಹಾಗೇ ತಾನೇ.

ಹಯಾತಮ್ಮನ ಕಿವಿ ಅಂಥಿಂಥ ಕಿವಿಯಲ್ಲ ಅಂತಾರೆ. ಪಾತ್ರೆಗೆ ನೀರು ತುಂಬಿ, ಕಿವಿಯ ಹತ್ತಿರ ಹಿಡಿದು, ಬೆರಳಿಂದ ಒಮ್ಮೆ ತಟ್ಟುತ್ತಿದ್ದಳಂತೆ. ಕಣ್ಣು ಮುಚ್ಚುತ್ತಿದ್ದಳಂತೆ. ಆಮೇಲೆ ಉಗುರಿಟ್ಟು, ಇಲ್ಲಿ, ಅನ್ನುತ್ತಿದ್ದಳಂತೆ. ಅಲ್ಲಿ ಸೂಜಿ ಮೊನೆಯಷ್ಟು ತೂತು ಇದ್ದೇ ಇರುತ್ತಿತ್ತು. ಒಂದು ಮಳೆಗಾಲದಲ್ಲಿ ಕೆರೆ ಏರಿಯ ಮೇಲೆ ಉದ್ದಕ್ಕೆ ಮಲಗಿ, ಮಣ್ಣಿಗೆ ಕಿವಿಯಿಟ್ಟು, ಏರಿ ಎಲ್ಲಿ ಒಸರುತ್ತಿದೆ ಅಂತ ತೋರಿಸಿದಳು ಅಂತಾರೆ. ಎರಡು ಬೀದಿ ಆಚೆ ಯಾರದೋ ಮನೆ ಗಡಿಗೆ ಸೋರಿದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ ಅಂತಲೂ ಅಂತಾರೆ. ಯಾಕೆ ನಗ್ತೀರಿ? ನಾನೇನು ಕಂಡಿದ್ದೆನಾ? ಅಂತಾರೆ, ಅದಕ್ಕೆ ಹೇಳ್ತಿದೀನಿ.

ಅವಳ ಹತ್ತಿರ ಒಂದು ತಾಮ್ರದ ತಂಬಿಗೆ ಇತ್ತು. ಅವಳಪ್ಪ ಸುತ್ತಿಗೆಯಲ್ಲಿ ಬಡಿದು ಬಡಿದು ಮಾಡಿದ್ದು, ಈಗಿನ ಹಾಗೆ ಉಫ್ ಅಂದರೆ ತಗ್ಗು ಬೀಳೋದಲ್ಲ, ದಪ್ಪ ತಾಮ್ರ. ತವರಿಂದ ಅವಳು ತಂದದ್ದು ಅದೊಂದೇ. ಎಲ್ಲಿಗೆ ಹೋದರೂ ಅದು ಜೊತೆಯಲ್ಲೇ. ಊರವರ ಪಾತ್ರೆಯನ್ನೆಲ್ಲ ಫಳಫಳ ಅನ್ನಿಸುತ್ತಿದ್ದವಳು ಅದನ್ನು ಮಾತ್ರ ಕರ್ರಗಾಗಲು ಬಿಟ್ಟಿದ್ದಳು. ಉಜ್ಜಿದರೆ ಅಪ್ಪನ ಕೈಗುರುತು ಅಳಿಸಿ ಹೋಗುತ್ತೆ ಅಂತ.

ಈಗ ಕಾರಿನ ವಿಷಯಕ್ಕೆ ಬರ್ತೀನಿ, ತಾಳಿ.

ಬೇವಿನಗುಂದಿಯ ದೊಡ್ಡಮನೆಯಲ್ಲಿ ಒಬ್ಬ ದೊರೆ ಇದ್ದ. ರಾಜ್ಯ ಗೀಜ್ಯ ಏನೂ ಇರಲಿಲ್ಲ, ಹೆಸರಿಗೆ ದೊರೆ. ಅವನಿಗೆ ಒಂದೇ ಹುಚ್ಚು, ವೇಗ. ಹಡಗಿನಲ್ಲಿ ಒಂದು ಕಾರು ತರಿಸಿದ್ದ. ಉದ್ದ ಮೂತಿ, ಕೆರೆ ಪಾಚಿಯ ಬಣ್ಣ, ಒಳಗೆ ಮೆತ್ತನೆಯ ಚರ್ಮದ ಸೀಟು, ಮರದ ಕೆತ್ತನೆ. ಎಂಜಿನ್ನಿನಲ್ಲಿ ಹನ್ನೆರಡು ಸಿಲಿಂಡರು, ಆ ಕಡೆ ಆರು, ಈ ಕಡೆ ಆರು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ ಅದು ಜಗಿದು ಮುಗಿಯೋದರೊಳಗೆ ಕಣಿವೆಯ ನೆತ್ತಿ ಮೇಲೆ ಇರುತ್ತಿದ್ದ ಅಂತಾರೆ. ಕಾರು ಹೋದ ಎಷ್ಟೋ ಹೊತ್ತಿನ ಮೇಲೂ ಗುಡ್ಡ ಗುಂಯ್ ಅನ್ನುತ್ತಿತ್ತಂತೆ, ದನಗಳು ಮೇಯೋದು ಬಿಟ್ಟು ತಲೆಯೆತ್ತಿ ನಿಲ್ಲುತ್ತಿದ್ದವಂತೆ.

ಒಂದು ಸುಡು ಮಧ್ಯಾಹ್ನ ದೊರೆ ಕಣಿವೆ ಇಳಿದು ಬರುತ್ತಿದ್ದ. ಮೂರನೇ ತಿರುವಿನಲ್ಲಿ ಇಬ್ಬರು ನಡೆದು ಬರುತ್ತಿದ್ದರು. ಗಂಡ ಹೆಗಲಿಗೆ ತಿದಿ ಹಾಕಿಕೊಂಡಿದ್ದ, ಹೆಂಡತಿ ಕೈಯಲ್ಲಿ ತಾಮ್ರದ ತಂಬಿಗೆ. ಮದುವೆಯಾಗಿ ಎರಡು ದಿನ, ಮೆಹೆಂದಿ ಇನ್ನೂ ಕೆಂಪಗಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವಳೇ ಹಯಾತಮ್ಮ. ದೊರೆಗೆ ಬಾಯಾರಿತ್ತು, ನೀರಿದೆಯಾ ಅಂದ. ಅವಳು ತಂಬಿಗೆ ಕೊಟ್ಟಳು. ಆ ಕಾಲದಲ್ಲಿ ಅವರಿವರ ಕೈನೀರು ಕುಡಿಯೋದುಂಟಾ ಅಂತ ಕೇಳಬೇಡಿ, ಗಂಟಲು ಒಣಗಿದವನು ಕುಡಿದ, ಅಷ್ಟೇ. ಅರ್ಧ ಕುಡಿದು ಅರ್ಧ ಕಾರಿಗೆ ಹಾಕಿದ. ಆಮೇಲೆ ಅವಳ ಕಾಲು ನೋಡಿದ. ಹತ್ತಿ ಕೂತ್ಕೊಳ್ಳಿ ಇಬ್ಬರೂ, ಅಂದ.

ಹಾಗೆ ಹಯಾತಮ್ಮ ಆ ಊರಿಗೆ ಕಾಲಿಟ್ಟದ್ದು ಆ ಕಾರಿನಿಂದ. ಅವಳಿಗೆ ಅದು ಸಾಯೋವರೆಗೂ ನೆನಪಿತ್ತು. ಮೆತ್ತನೆ ಸೀಟು, ಮಡಿಲಲ್ಲಿ ತಂಬಿಗೆ, ಮುಖಕ್ಕೆ ಗಾಳಿ, ಕೆಳಗೆ ಬೆಳ್ಳಗೆ ಕೆರೆ. ಅತ್ತೆ ಮನೆ ಹೇಗಿರುತ್ತೋ ಅನ್ನೋ ಹೆದರಿಕೆ ಆ ತಿರುವುಗಳಲ್ಲಿ ಎಲ್ಲೋ ಬಿದ್ದು ಹೋಯಿತು ಅಂತ ಹೇಳುತ್ತಿದ್ದಳಂತೆ.

ಅವತ್ತಿನಿಂದ ದೊರೆ ಒಂದು ಪದ್ಧತಿ ಮಾಡಿದ. ಊರಿಂದ ಯಾವ ಮದುಮಗಳು ಹೋದರೂ ಆ ಕಾರಲ್ಲೇ ಹೋಗಬೇಕು. ಯಾವ ಕೇರಿಯವಳು, ಯಾರ ಮಗಳು ಅಂತಿಲ್ಲ. ಮೂರನೇ ತಿರುವಿನಲ್ಲಿ ಒಂದು ಗಳಿಗೆ ಕಾರು ನಿಲ್ಲಬೇಕು, ಹಯಾತಮ್ಮ ಅಲ್ಲಿ ಕಾದಿದ್ದು ತಂಬಿಗೆಯಿಂದ ನೀರು ಕೊಡಬೇಕು, ಹುಡುಗಿ ಕುಡಿದು ಮುಂದೆ ಹೋಗಬೇಕು. ಆ ಕಾರಲ್ಲಿ ಬಂದ ಸೊಸೆ ಅಂದರೆ ಆಚೆ ಸೀಮೆಯಲ್ಲಿ ಒಂದು ಮರ್ಯಾದೆಯೇ ಬೇರೆ. ಅತ್ತೆಯಂದಿರು ಮೊದಲ ವರ್ಷ ಸ್ವರ ಎತ್ತುತ್ತಿರಲಿಲ್ಲ ಅಂತಾರೆ. ಎರಡನೇ ವರ್ಷದ್ದು ನನಗೆ ಗೊತ್ತಿಲ್ಲ.

ದೊರೆ ತೀರಿಕೊಂಡ. ಅವನ ಹೆಂಡತಿ ಅಮ್ಮಣ್ಣಿಯವರು ಪದ್ಧತಿ ಬಿಡಲಿಲ್ಲ. ಕಾರು ಓಡಿಸಲಿಕ್ಕೆ ಚೆನ್ನಿಗಯ್ಯ ಅಂತ ಒಬ್ಬನನ್ನು ಇಟ್ಟುಕೊಂಡರು. ಚೆನ್ನಿಗಯ್ಯ ಮಾತು ಕಡಿಮೆ ಮನುಷ್ಯ. ಊರ ಎಷ್ಟು ಹೆಣ್ಣುಮಕ್ಕಳನ್ನು ಕಣಿವೆ ದಾಟಿಸಿದನೋ. ಹಿಂದೆ ಕೂತು ಅಳೋ ಹುಡುಗಿಯನ್ನು ಒಂದು ದಿನವೂ ಕನ್ನಡಿಯಲ್ಲಿ ನೋಡಲಿಲ್ಲ ಅಂತಾರೆ. ಅವರ ಅಳು ಅವರದು, ಅನ್ನುತ್ತಿದ್ದ.

ವರ್ಷ ಆಯಿತು, ಕಾರಿಗೆ ವಯಸ್ಸಾಯಿತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಊರ ಹೆಂಗಸರು ಪ್ರೀತಿಯಿಂದ ಅದನ್ನು ಇನ್ನಷ್ಟು ಹಾಳು ಮಾಡಿದರು. ಹೇಗೆ ಅಂತೀರಾ? ಮದುಮಗಳಿಗೆ ಕೆಂಪು ನೀರಿನ ಆರತಿ ಎತ್ತುತ್ತಾರಲ್ಲ, ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿದರೆ ಕೆಂಪಾಗುತ್ತಲ್ಲ, ಅದು. ದೃಷ್ಟಿ ತೆಗೆದ ನೀರನ್ನು ತುಳಿಯೋ ಜಾಗದಲ್ಲಿ ಚೆಲ್ಲೋ ಹಾಗಿಲ್ಲ. ಯಾವ ಪುಣ್ಯಾತ್ಗಿತ್ತಿಗೆ ಹೊಳೆಯಿತೋ, ಕಾರಿನ ನೀರಿನ ಬಾಯಿ ತೆರೆದಿದ್ದಾಗ ಅದರೊಳಕ್ಕೇ ಹುಯ್ದಳು. ಹುಡುಗಿಯ ದೃಷ್ಟಿಯೂ ಹೋಯಿತು, ಕಾರಿನ ದೃಷ್ಟಿಯೂ ಹೋಯಿತು ಅಂದಳು. ಎಲ್ಲರಿಗೂ ಅದು ಸರಿ ಅನ್ನಿಸಿತು. ಆಮೇಲೆ ಪ್ರತಿ ಮದುವೆಗೂ ಅದೇ ಆಯಿತು. ಚೆನ್ನಿಗಯ್ಯ ಬೇಡ ಅನ್ನಬಹುದಿತ್ತು. ಹೆಂಗಸರ ಶಾಸ್ತ್ರಕ್ಕೆ ಯಾವ ಗಂಡಸು ಅಡ್ಡ ಬರ್ತಾನೆ?

ಅಷ್ಟು ವರ್ಷದ ಸುಣ್ಣ ಕಾರಿನ ನರನಾಡಿಯಲ್ಲೆಲ್ಲ ಕಟ್ಟಿಕೊಂಡಿತು. ನೀರು ಓಡಾಡೋ ದಾರಿ ಸಣ್ಣದಾಯಿತು. ಕಾರಿಗೆ ಸೆಕೆ ಹೆಚ್ಚಿತು, ಒತ್ತಡಕ್ಕೆ ಅಲ್ಲಿ ಇಲ್ಲಿ ಒಸರಲು ಶುರುವಾಯಿತು. ಕೊನೆಗೆ ಒಂದು ಮದುವೆಯಲ್ಲಿ ಎರಡನೇ ತಿರುವಿನಲ್ಲೇ ಕಾರು ಬುಸ್ ಅಂತ ಹೊಗೆ ಬಿಟ್ಟು ನಿಂತಿತು. ಮದುಮಗಳು ಸೀರೆ ಎತ್ತಿ ಹಿಡಿದು, ಬಿಸಿಲಲ್ಲಿ ಉಳಿದ ತಿರುವುಗಳನ್ನು ನಡೆದೇ ಹತ್ತಿದಳು. ಆಚೆ ಕಡೆಯವರು ಏನೇನು ಅಂದರೋ, ಮೂರು ತಿಂಗಳು ಆ ಹುಡುಗಿ ತವರಿಗೆ ಬರಲಿಲ್ಲ.

ದೂರದ ಪಟ್ಟಣದಿಂದ ಒಬ್ಬ ಮೆಕ್ಯಾನಿಕ್ ಬಂದ. ಬಾನೆಟ್ ಎತ್ತಿ ನೋಡಿದ, ತಲೆ ಕೆರೆದುಕೊಂಡ. ಇದರ ಸಾಮಾನು ಈಗ ಯಾರೂ ಮಾಡಲ್ಲ, ಗುಜರಿಗೆ ಹಾಕಿ ಅಂದ. ಊಟ ಮಾಡಿ ಹೋದ. ಅಮ್ಮಣ್ಣಿಯವರು ಮೂರು ದಿನ ಯೋಚನೆ ಮಾಡಿ, ಕಣಿವೆ ಹತ್ತದ ಕಾರು ಕಣ್ಣೆದುರಿಗೆ ಇದ್ದರೆ ಸಂಕಟ, ಗುಜರಿಯವರಿಗೆ ಹೇಳಿಕಳಿಸಿ ಅಂದರು.

ಅದೇ ಹೊತ್ತಿಗೆ ಚೆನ್ನಿಗಯ್ಯನ ಮಗಳು ನಿಂಗಾಜಿಗೆ ಮದುವೆ ಗೊತ್ತಾಗಿತ್ತು. ಗಂಡು ಆಚೆ ಸೀಮೆಯವನು. ಮದುವೆಗೆ ಹನ್ನೊಂದು ದಿನ ಉಳಿದಿತ್ತು.

ಚೆನ್ನಿಗಯ್ಯ ಹಯಾತಮ್ಮನ ಜಗಲಿಗೆ ಬಂದು ಕೂತ. ಆಮೇಲೆ ಹೇಳಿದ, ಅವನ ಹೆಂಡತಿ ಸಾಯೋ ಮುಂಚೆ ಒಂದೇ ಮಾತು ಕೇಳಿದ್ದಳಂತೆ. ಊರ ಮಕ್ಕಳನ್ನೆಲ್ಲ ಕರಕೊಂಡು ಹೋಗ್ತೀಯಲ್ಲ, ನಮ್ಮ ನಿಂಗಾಜಿಯನ್ನೂ ಆ ಕಾರಲ್ಲೇ, ನೀನೇ ಕರಕೊಂಡು ಹೋಗು, ಅಂತ. ಅವನು ಹ್ಞೂಂ ಅಂದಿದ್ದ.

"ಹಯಾತಕ್ಕ, ಅದೂ ಒಂದು ಹಂಡೆ ಅಲ್ವಾ?" ಅಂದನಂತೆ.

ಹಯಾತಮ್ಮ ನಕ್ಕಳು. ಆಮೇಲೆ ನಗು ನಿಂತಿತು. ತಾನು ಬರಿಗಾಲಲ್ಲಿ ನಿಂತಿದ್ದ ಮೂರನೇ ತಿರುವು ನೆನಪಾಯಿತು. ನಿನ್ನ ಮಗಳು ಆ ಕಾರಲ್ಲೇ ಹೋಗ್ತಾಳೆ ತಮ್ಮ, ನಡಿ, ಅಂದಳು. ಅಂದೇನೋ ಬಿಟ್ಟಳು. ಕಾರಿನ ಬಾನೆಟ್ ಒಳಗೆ ಅವಳು ಒಂದು ದಿನವೂ ಇಣುಕಿದವಳಲ್ಲ.

ಅಮ್ಮಣ್ಣಿಯವರ ಹತ್ತಿರ ಹೋಗಿ ಹನ್ನೊಂದು ದಿನ ಕೇಳಿದಳು. ಅವರು ಒಪ್ಪಿದರು. ಹೆಣ್ಣು ಕಳಿಸೋ ದಿನ ಕಣಿವೆ ಹತ್ತಿದರೆ ಕಾರು ಉಳಿಯುತ್ತೆ, ಇಲ್ಲವಾದರೆ ಮಾರನೇ ದಿನ ಗುಜರಿ ಲಾರಿ ಬರುತ್ತೆ ಅಂದರು.

ಮೊದಲು ಹಯಾತಮ್ಮ ಪಾತ್ರೆಗೆ ಏನು ಮಾಡುತ್ತಾಳೋ ಅದನ್ನೇ ಮಾಡಿದಳು. ಕೆರೆದು ತೊಳೆಯದೆ ಕಲಾಯಿ ಕೂರಲ್ಲವಲ್ಲ. ಮನೆಮನೆ ತಿರುಗಿ ಹಳೇ ಹುಣಸೆಹಣ್ಣು ತಂದಳು, ದೊಡ್ಡ ಕೊಪ್ಪರಿಗೆಯಲ್ಲಿ ಕಿವುಚಿ, ಸೋಸಿ, ಬಿಸಿ ಮಾಡಿ ಕಾರಿಗೆ ತುಂಬಿದಳು. ಎರಡು ದಿನ ಬಿಟ್ಟಳು. ಮೂರನೇ ದಿನ ಬೆಳಿಗ್ಗೆ ಚೆನ್ನಿಗಯ್ಯ ಅಡಿಯ ತಿರುಪು ಬಿಚ್ಚಿದ. ಹುಳಿ ತಾಗಿದರೆ ಆ ಕೆಂಪು ಮತ್ತೆ ಹಳದಿಗೆ ತಿರುಗುತ್ತೆ, ಗೊತ್ತಲ್ಲ? ಕಾರಿನ ಹೊಟ್ಟೆಯಿಂದ ಹಳದಿ ನೀರು ಹರಿಯಿತು. ಹರಿಯಿತು, ಹರಿಯಿತು, ದೊಡ್ಡಮನೆಯ ಅಂಗಳ ದಾಟಿ ಬೀದಿಗೆ ಬಂತು ಅಂತಾರೆ. ಅಷ್ಟು ವರ್ಷದ ಮದುವೆಗಳ ಅರಿಶಿನ ಅದು. ಹೆಂಗಸರು ಬಾಗಿಲಿಗೆ ಬಂದು ನಿಂತು ನೋಡಿದರು. ಇದು ನನ್ನ ಮದುವೇದು ಅಂದಳು ಒಬ್ಬಳು. ಇದು ನನ್ನ ಮಗಳದು ಅಂದಳು ಇನ್ನೊಬ್ಬಳು. ಬೀದಿಯೆಲ್ಲ ಮದುವೆಮನೆ ವಾಸನೆ ಬಂತಂತೆ. ಒಬ್ಬ ಮುದುಕಿ ಆ ನೀರನ್ನು ಬೆರಳಲ್ಲಿ ಅದ್ದಿ ಕೆನ್ನೆಗೆ ಹಚ್ಚಿಕೊಂಡು ಸುಮ್ಮನೆ ಕೂತುಬಿಟ್ಟಳಂತೆ.

ಆಮೇಲೆ ಒಳ್ಳೆ ನೀರು ತುಂಬಿದರು. ಕಾರು ಎಂಟು ಕಡೆ ಸೋರಿತು.

ಹೌದಪ್ಪ, ಎಂಟು ಕಡೆ. ಮೊದಲು ತೊಟ್ಟು ತೊಟ್ಟು ಒಸರುತ್ತಿದ್ದದ್ದು ಈಗ ಧಾರೆಯಾಗಿ ಸುರಿಯಿತು. ದಾರಿ ಕಟ್ಟಿದ ಸುಣ್ಣವೇ ತೂತುಗಳನ್ನೂ ಮುಚ್ಚಿಕೊಂಡಿತ್ತು, ಇವಳು ಅದನ್ನು ತೊಳೆದು ತೆಗೆದಿದ್ದಳು. ಜನಕ್ಕೆ ಅಷ್ಟೇ ಸಾಕಾಯಿತು. ಇದ್ದದ್ದನ್ನೂ ಕೆಡಿಸಿದಳು ಅಂದರು. ಮದುವೆ ಆರತಿಯನ್ನು ಬೀದಿಗೆ ಚೆಲ್ಲಿಸಿದಳು, ಇನ್ನು ಆ ಹುಡುಗಿಯ ಗತಿಯೇನು ಅಂದರು. ಬೆಳಿಗ್ಗೆ ಬೀದಿಯಲ್ಲಿ ನಿಂತು ಆಹಾ ಅಂದವರೇ ಸಂಜೆ ಹಾಗಂದರು. ಹಯಾತಮ್ಮ ಮನೆಗೆ ಹೋಗಿ ತಂಬಿಗೆಯ ನೀರು ಕುಡಿದು, ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವಳಿಗೆ ನಿಜವಾಗಿ ಹೆದರಿಕೆಯಾಗಿತ್ತು.

ಮಾರನೇ ದಿನ ತಿದಿ ಹೊತ್ತು ದೊಡ್ಡಮನೆಗೆ ಬಂದಳು. ರೇಡಿಯೇಟರನ್ನು ಬಿಚ್ಚಿಸಿ ಕಿವಿಗೆ ಹಿಡಿದಳು, ತಟ್ಟಿದಳು, ಉಗುರಿಟ್ಟಳು. ನವಸಾಗರ ಉಜ್ಜಿ, ತವರ ಕರಗಿಸಿ ಬೆಸುಗೆ ಹಾಕಿದಳು. ರಬ್ಬರಿನ ಪೈಪುಗಳಿಗೆ ಸೈಕಲ್ ಟ್ಯೂಬ್ ಸೀಳಿ ಸುತ್ತಿ ತಾಮ್ರದ ತಂತಿ ಬಿಗಿದಳು. ಒಂದು, ಎರಡು, ಮೂರು. ಎರಡು ದಿನಕ್ಕೆ ಎಂಟೂ ನಿಂತವು. ಕಾರಿನಡಿ ಬಿಳಿ ಪಂಚೆ ಹಾಸಿ ನೋಡಿದರು, ಒಂದು ತೊಟ್ಟು ಇಲ್ಲ. ಚೆನ್ನಿಗಯ್ಯನ ಮುಖ ಅರಳಿತು. ಕೆರೆಯವರೆಗೆ ಓಡಿಸಿಕೊಂಡು ಬಂದ, ಆರಿದ ಮೇಲೆ ನೀರಿನ ಬಾಯಿ ತೆರೆದ. ಒಂದು ಚೊಂಬು ನೀರು ಕಡಿಮೆಯಾಗಿತ್ತು.

ಮತ್ತೆ ತುಂಬಿದರು, ಮತ್ತೆ ಓಡಿಸಿದರು. ಮತ್ತೆ ಒಂದು ಚೊಂಬು ಕಡಿಮೆ. ಪಂಚೆ ಮಾತ್ರ ಒಣಗಿಯೇ ಇತ್ತು. ನೀರು ಎಲ್ಲಿಗೆ ಹೋಗುತ್ತಿತ್ತು? ಕೆರೆಗೆ ಹೋಗಿ ಬರೋಕೇ ಒಂದು ಚೊಂಬು ಬೇಕಾದರೆ ಕಣಿವೆ ಹತ್ತೋಕೆ ಎಷ್ಟು ಬೇಕು? ಮತ್ತೆ ಎರಡನೇ ತಿರುವಿನಲ್ಲೇ ನಿಲ್ಲೋದು ಖಂಡಿತ. ಹಯಾತಮ್ಮ ಕಿವಿಯಿಟ್ಟಳು. ಎಂಜಿನ್ ಓಡುತ್ತಿದ್ದರೆ ಹನ್ನೆರಡು ಸಿಲಿಂಡರಿನ ಸದ್ದಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಎಂಜಿನ್ ನಿಂತರೆ ಸೋರಿಕೆಯೂ ನಿಲ್ಲುತ್ತಿತ್ತು. ಮೂರು ದಿನ ಬಾನೆಟ್ಟಿಗೆ ಕೆನ್ನೆ ಒತ್ತಿ ನಿಂತಳು, ಕೆನ್ನೆ ಕಂದಿತು, ಏನೂ ಸಿಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ತನ್ನ ಕಿವಿಯ ಮೇಲೆ ಅನುಮಾನ ಬಂತು. ವಯಸ್ಸಾಯಿತೇನೋ, ಹಾಳಾದ್ದು, ಅಂದುಕೊಂಡಳು. ಮದುವೆಗೆ ಇನ್ನು ಮೂರೇ ದಿನ.

ಅವತ್ತು ಬೆಳಿಗ್ಗೆ ನಿಂಗಾಜಿ ಬಂದು ಅವಳನ್ನು ಮನೆಗೆ ಕರೆದಳು. ಅರಿಶಿನ ಕುಟ್ಟೋ ಶಾಸ್ತ್ರ, ನೀನಿಲ್ಲದೆ ಆಗಲ್ಲ ಹಯಾತವ್ವ, ಅಂತ ಕೈಹಿಡಿದು ಎಳಕೊಂಡು ಹೋದಳು. ತಾಯಿ ಇಲ್ಲದ ಹುಡುಗಿ. ಹಯಾತಮ್ಮನಿಗೆ ಅವಳ ಮುಖ ನೋಡಲಿಕ್ಕೆ ನಾಚಿಕೆ. ಮೂಲೆಯ ಕಂಬಕ್ಕೆ ಒರಗಿ ಕೂತಳು. ಮದುವೆಮನೆಗೆ ಆಗತಾನೆ ಸುಣ್ಣ ಬಳಿದಿದ್ದರು, ಗೋಡೆ ಇನ್ನೂ ಹಸಿ. ಹೆಂಗಸರು ಹಾಡು ಹೇಳುತ್ತ ಒನಕೆ ಎತ್ತಿ ಹಾಕುತ್ತಿದ್ದರು. ಬಾಗಿಲಿಂದ ಬಿಸಿಲುಕೋಲು ಒಳಗೆ ಬಂದು, ಅದರಲ್ಲಿ ಅರಿಶಿನದ ಧೂಳು ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು. ಮೂರು ದಿನದ ದಣಿವಿಗೆ ಅವಳಿಗೆ ಕಣ್ಣು ಎಳೆಯಿತು. ಎಚ್ಚರವೋ ನಿದ್ದೆಯೋ ಗೊತ್ತಾಗದ ಹಾಗೆ ಇದ್ದಳು. ಆ ಹಾಡು ದೂರದಲ್ಲಿ ಕಣಿವೆ ಹತ್ತುವ ಕಾರಿನ ಸದ್ದಿನ ಹಾಗೆ ಕೇಳಿಸುತ್ತಿತ್ತು ಅಂತ ಆಮೇಲೆ ಹೇಳಿದಳಂತೆ. ಆಗ ಯಾರೋ ಅರಿಶಿನದ ಕೈಯನ್ನು ನೀರಲ್ಲಿ ಅದ್ದಿ ಒದರಿದರು. ಅರಿಶಿನದ ಒಂದು ಹನಿ ಅವಳೆದುರಿಗೆ ಗೋಡೆಗೆ ತಾಗಿತು. ತಾಗಿದ್ದು ಹಳದಿ, ನೋಡುನೋಡುತ್ತ ಕೆಂಪಾಯಿತು.

ಹಯಾತಮ್ಮ ಎದ್ದು ಕೂತಳು. ಆ ಕೆಂಪನ್ನೇ ನೋಡಿದಳು. ಹನಿ ಒಣಗಿತು, ಕೆಂಪು ಉಳಿಯಿತು.

ನನಗೆ ಒಂದು ಮಡಕೆ ಸುಣ್ಣ ಕೊಡಿ, ಒಂದು ಸೇರು ಅರಿಶಿನ ಕೊಡಿ, ಅಂದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಮದುವೆ ಅರಿಶಿನ ಹೊರಗೆ ಕೊಡೋ ಹಾಗಿಲ್ಲ ಅಂದಳು ಒಬ್ಬಳು. ನಿಂಗಾಜಿ ಮೊರದಲ್ಲಿದ್ದದ್ದನ್ನೆಲ್ಲ ಹಯಾತಮ್ಮನ ಸೆರಗಿಗೆ ಸುರಿದಳು.

ಇಡೀ ಎಂಜಿನ್ನಿಗೆ ಮೇಲೂ ಕೆಳಗೂ, ಕೈ ಹೋಗೋ ಕಡೆಯೆಲ್ಲ, ಕೈ ಹೋಗದ ಕಡೆ ಕೋಲಿಗೆ ಬಟ್ಟೆ ಸುತ್ತಿ, ಹಯಾತಮ್ಮ ಸುಣ್ಣ ಬಳಿದಳು. ಕರೀ ಎಂಜಿನ್ನು ಮದುವೆಮನೆ ಗೋಡೆಯ ಹಾಗೆ ಬೆಳ್ಳಗಾಯಿತು. ಚೆನ್ನಿಗಯ್ಯನಿಗೆ ಅಕ್ಕನ ತಲೆ ಕೆಟ್ಟಿತು ಅನ್ನಿಸಿತು. ಸುಣ್ಣ ಒಣಗಿದ ಮೇಲೆ ನೀರಿಗೆ ಅರಿಶಿನ ಕದಡಿ ತುಂಬಿದಳು. ಓಡಿಸಿಕೊಂಡು ಬಾ ಅಂದಳು. ಬಂದ ಮೇಲೆ ಬಾನೆಟ್ ಎತ್ತಿದರು. ಎಲ್ಲ ಕಡೆ ಬಿಳಿ. ಇಬ್ಬರೂ ಬಗ್ಗಿ ಬಗ್ಗಿ ನೋಡಿದರು, ಎಲ್ಲೂ ಬಣ್ಣವಿಲ್ಲ. ಆ ಕಡೆಯ ಆರಕ್ಕೂ ಈ ಕಡೆಯ ಆರಕ್ಕೂ ನಡುವೆ, ಎರಡು ಗುಡ್ಡದ ನಡುವೆ ಕಣಿವೆ ಇರೋ ಹಾಗೆ, ಒಂದು ಆಳವಾದ ಸಂದಿ ಇತ್ತು. ಮೇಲೆಲ್ಲ ಕಬ್ಬಿಣದ ಸಾಮಾನು, ಅದರಡಿ ಕತ್ತಲೆ. ಕಣ್ಣು ಹೋಗುತ್ತಿರಲಿಲ್ಲ. ಹಯಾತಮ್ಮ ನಿಂಗಾಜಿಯನ್ನು ಕೂಗಿ, ಅವಳ ಮದುವೆ ಪೆಟ್ಟಿಗೆಯ ಕೈಗನ್ನಡಿ ತರಿಸಿದಳು. ಕನ್ನಡಿ ವಾರೆ ಹಿಡಿದು ಬಿಸಿಲನ್ನು ಸಂದಿಯೊಳಕ್ಕೆ ಇಳಿಸಿದಳು.

ಅಲ್ಲಿತ್ತು. ಬೆಳ್ಳನೆಯ ಸಂದಿಯ ತಳದಲ್ಲಿ ಉಗುರಗಲ ಕೆಂಪು, ಹುಡುಗಿಯ ಹಣೆಯ ಕುಂಕುಮದಷ್ಟು. ಅಲ್ಲಿ ಒಂದು ಗೇಣುದ್ದದ ಕೊಳವೆ ಇತ್ತು, ತುಕ್ಕು ಹಿಡಿದು ಜರಡಿಯಾಗಿತ್ತು. ಅದರಿಂದ ಹನಿ ಬೀಳುತ್ತಿತ್ತು, ಕಾದ ಕಬ್ಬಿಣದ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತಿತ್ತು. ನೆಲಕ್ಕೆ ಬರೋದೆಲ್ಲಿಂದ? ಹಯಾತಮ್ಮ ಕನ್ನಡಿ ಹಿಡಿದೇ ಅತ್ತಳು ಅಂತಾರೆ. ಸಂತೋಷಕ್ಕೋ ಸಾಕಾಗಿಯೋ ಅವಳಿಗೇ ಗೊತ್ತು.

ಚೆನ್ನಿಗಯ್ಯ ಮೇಲಿನ ಸಾಮಾನೆಲ್ಲ ಬಿಚ್ಚಿ ಕೊಳವೆ ತೆಗೆದ. ಬೆರಳಲ್ಲಿ ಒತ್ತಿದರೆ ಪುಡಿಯಾಯಿತು. ಬೆಸುಗೆ ಹಾಕಲಿಕ್ಕೆ ಏನೂ ಉಳಿದಿರಲಿಲ್ಲ, ಹೊಸದೇ ಮಾಡಬೇಕು. ಅದಕ್ಕೆ ದಪ್ಪ ತಾಮ್ರ ಬೇಕು. ಊರಲ್ಲಿ ತಾಮ್ರವೇನೋ ಮನೆಮನೆಯಲ್ಲೂ ಇತ್ತು. ಆದರೆ ಊರಲ್ಲಿ ಮದುವೆ ಚಪ್ಪರ ಎದ್ದಿರುವಾಗ ಯಾರ ಮನೆ ತಾಮ್ರವನ್ನೂ ಒಡೆಯಬಾರದು, ಅದು ಕಟ್ಟಳೆ. ಒಡೆದರೆ ಆ ಮನೆ ಒಡೆಯುತ್ತೆ ಅಂತ ನಂಬಿಕೆ. ಪಟ್ಟಣಕ್ಕೆ ಹೋಗಿ ತರೋಣ ಅಂದರೆ ಹೋಗಿ ಬರೋದರೊಳಗೆ ಮದುವೆ ಮುಗಿದಿರುತ್ತೆ. ಚೆನ್ನಿಗಯ್ಯ ನೆಲಕ್ಕೆ ಕುಕ್ಕರಿಸಿದ. ಬಿಡು ಅಕ್ಕ, ನಡೆದೇ ಹೋಗ್ತಾಳೆ, ಅಂದ.

"ಎದ್ದೇಳು. ನನ್ನ ಹತ್ರ ಒಂದು ಚೂರು ತಾಮ್ರ ಬಿದ್ದಿದೆ," ಅಂದಳು ಹಯಾತಮ್ಮ.

ಮಾರನೇ ದಿನವೆಲ್ಲ ಅವಳ ಮನೆ ಬಾಗಿಲು ಮುಚ್ಚಿತ್ತು. ಒಳಗಿಂದ ಸುತ್ತಿಗೆ ಸದ್ದು ಬರುತ್ತಿತ್ತು. ಒಂದಷ್ಟು ಹೊತ್ತು ಬರುತ್ತಿತ್ತು, ಒಂದಷ್ಟು ಹೊತ್ತು ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಮದುವೆಯ ಗಡಿಬಿಡಿಯಲ್ಲಿ ಯಾರೂ ಆ ಕಡೆ ತಲೆ ಹಾಕಲಿಲ್ಲ. ಸಂಜೆಗೆ ಕೊಳವೆ ತಂದು ಚೆನ್ನಿಗಯ್ಯನ ಕೈಗಿಟ್ಟಳು. ನೇರವಾಗಿ, ದಪ್ಪವಾಗಿ, ಒಳಗೂ ಹೊರಗೂ ಕಲಾಯಿ ಹೊಳೆಯುತ್ತಿತ್ತು. ಅವನು ಕೂರಿಸಿದ, ನೀರು ತುಂಬಿದ, ಕೆರೆಯವರೆಗೆ ಹೋಗಿ ಬಂದ. ಬಾಯಿ ತೆರೆದು ನೋಡಿದರೆ ನೀರು ಎಲ್ಲಿತ್ತೋ ಅಲ್ಲೇ ಇತ್ತು. ಚೆನ್ನಿಗಯ್ಯ ಬಗ್ಗಿ ಅವಳ ಕಾಲು ಮುಟ್ಟಲಿಕ್ಕೆ ಹೋದ. ಹೋಗೋ, ಕೈಯೆಲ್ಲ ಗ್ರೀಸು, ಅಂತ ಅವಳು ದೂರ ಸರಿದಳು.

ಮದುವೆಯಾದ ಮಾರನೇ ಬೆಳಿಗ್ಗೆ ಹೆಣ್ಣು ಹೊರಡಬೇಕು. ಕಣಿವೆಗೆ ಮಂಜು ಕವಿದಿತ್ತು. ಹಯಾತಮ್ಮ ಬೆಳಕು ಹರಿಯೋ ಹೊತ್ತಿಗೇ ಮೂರನೇ ತಿರುವಿಗೆ ಹೋಗಿ ತನ್ನ ಕಲ್ಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಂದು ಮಣ್ಣಿನ ಗಡಿಗೆ, ತುಂಬ ನೀರು. ಮಂಜಿನಲ್ಲಿ ಊರೂ ಕಾಣುತ್ತಿರಲಿಲ್ಲ, ಕೆರೆಯೂ ಕಾಣುತ್ತಿರಲಿಲ್ಲ. ಕಿವಿಯೊಂದೇ ಅವಳಿಗೆ ಗತಿ. ಮೊದಲು ವಾಲಗ ಕೇಳಿತು, ನಿಂತಿತು. ಬಾಗಿಲು ಮುಚ್ಚಿದ್ದು ಕೇಳಿತು. ಆಮೇಲೆ ಹನ್ನೆರಡೂ ಒಟ್ಟಿಗೆ ಉಸಿರೆಳೆದದ್ದು ಕೇಳಿತು. ಮೊದಲನೇ ತಿರುವು. ಸದ್ದು ಮಂಜಿನಲ್ಲಿ ಮುಳುಗಿತು, ಮತ್ತೆ ಎದ್ದಿತು. ಎರಡನೇ ತಿರುವು. ಅಲ್ಲೇ ಅಲ್ಲವಾ ಹಿಂದಿನ ಸಲ ನಿಂತದ್ದು. ನಿಲ್ಲಲಿಲ್ಲ. ಸದ್ದು ಹತ್ತುತ್ತಲೇ ಬಂತು. ಮಂಜಿನೊಳಗಿಂದ ಆ ಉದ್ದ ಮೂತಿ ಮೆಲ್ಲಗೆ ಹೊರಗೆ ಬಂತು, ಅವಳ ಮುಂದೆ ಬಂದು, ಪದ್ಧತಿಯ ಹಾಗೆ ತಾನಾಗಿ ನಿಂತಿತು.

ಚೆನ್ನಿಗಯ್ಯ ಇಳಿದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಇಟ್ಟ ಕೈ ತೆಗೆಯಲಿಲ್ಲ. ಬೆಚ್ಚಗಿದೆ ಅಕ್ಕ, ಅಷ್ಟೇ, ಅಂದ. ಅವನ ಕಣ್ಣು ಕೆಂಪಾಗಿತ್ತು. ಅವತ್ತು ಅವನು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ್ದ ಅಂತಾರೆ, ಆಯುಷ್ಯದಲ್ಲಿ ಅದೊಂದೇ ಸಲ.

ನಿಂಗಾಜಿ ಕಿಟಕಿಯಿಂದ ಕೈ ಚಾಚಿದಳು. ಹಯಾತಮ್ಮ ಗಡಿಗೆ ಎತ್ತಿ, ಬೊಗಸೆ ಹಿಡಿ ಮಗಳೇ, ಅಂದಳು. ಹುಡುಗಿ ಬೊಗಸೆ ಹಿಡಿಯಲಿಲ್ಲ. ಊರಿನ ಎಲ್ಲ ಹೆಣ್ಣುಮಕ್ಕಳೂ ಆ ತಂಬಿಗೆಯಲ್ಲಿ ಕುಡಿದೇ ಹೋಗಿದ್ದರು. ಚಿಕ್ಕಂದಿನಿಂದ ಅವಳು ಅದನ್ನೇ ಕೇಳಿಕೊಂಡು ಬೆಳೆದಿದ್ದಳು.

"ಹಯಾತವ್ವ, ತಂಬಿಗೆ ಎಲ್ಲಿ?"

ಹಯಾತಮ್ಮ ಕಾರಿನ ಮೂತಿಯ ಕಡೆ ಗದ್ದ ಎತ್ತಿ ತೋರಿಸಿದಳು.

ನಿಂಗಾಜಿಗೆ ತಿಳಿಯಲಿಲ್ಲ. ಚೆನ್ನಿಗಯ್ಯನಿಗೆ ತಿಳಿಯಿತು. ಬಾನೆಟ್ಟಿನ ಮೇಲಿದ್ದ ಕೈ ಹಾಗೇ ನಿಂತಿತು. ಒಂದು ಚೂರು ತಾಮ್ರ ಬಿದ್ದಿದೆ ಅಂದಿದ್ದಳಲ್ಲ, ಮುಚ್ಚಿದ ಬಾಗಿಲ ಹಿಂದೆ ಸುತ್ತಿಗೆ ನಿಂತು ನಿಂತು ಬರುತ್ತಿತ್ತಲ್ಲ. ಹಯಾತಮ್ಮನೇ ಹೇಳಿದಳು, ನಾನೂ ಅದೂ ಈ ಕಾರಲ್ಲೇ ಬಂದೆವು ತಮ್ಮ, ನಾನು ಇಲ್ಲೇ ಇರ್ತೀನಿ, ಅದು ಹೋಗಲಿ ಬಿಡು, ಅಂತ. ಆಮೇಲೆ ಹುಡುಗಿಯ ಬೊಗಸೆಗೆ ನೀರು ಹುಯ್ದಳು. ನಿಂಗಾಜಿ ಕುಡಿದಳು. ಗಡಿಗೆಯಲ್ಲಿ ಉಳಿದ ನೀರನ್ನು ಹಯಾತಮ್ಮ ಚೆನ್ನಿಗಯ್ಯನ ಕೈಯ ಮೇಲೆ ಬಿಟ್ಟಳು, ಅದು ಬಾನೆಟ್ಟಿನ ಮೇಲೆ ಇಳಿಯಿತು. ಕಾರು ಹೊರಟಿತು. ನಾಲ್ಕು, ಐದು, ಆರು, ಏಳು. ಏಳನೇ ತಿರುವು ದಾಟಿದ್ದು ಕೇಳಿಸಿಕೊಂಡೇ ಹಯಾತಮ್ಮ ಕಲ್ಲಿಂದ ಎದ್ದಳು.

ಆ ಕಾರು ಆಮೇಲೆ ಎಷ್ಟು ವರ್ಷ ಓಡಿತೋ ಗೊತ್ತಿಲ್ಲ. ಕೊನೆಗೆ ಅದೂ ಹೋಯಿತು, ಅಮ್ಮಣ್ಣಿಯವರೂ ಹೋದರು, ಚೆನ್ನಿಗಯ್ಯನೂ ಹೋದ. ಕಾರು ಬಿಚ್ಚಿದವರಿಗೆ ನಡುವಿನ ಸಂದಿಯಲ್ಲಿ ಒಂದು ಕೊಳವೆ ಸಿಕ್ಕಿತಂತೆ, ಒಳಗಿನ ಕಲಾಯಿ ಹ್ಯಾಗಿತ್ತೋ ಹಾಗೇ ಇತ್ತಂತೆ, ಹೊರಗಿನದು ಸವೆದು ಯಾರದೋ ಸುತ್ತಿಗೆಯ ಹಳೇ ಗುರುತು ಕಾಣುತ್ತಿತ್ತಂತೆ. ಹಯಾತಮ್ಮ ಉಳಿದ ದಿನವೆಲ್ಲ ಮಣ್ಣಿನ ಗಡಿಗೆಯಲ್ಲೇ ನೀರು ಕುಡಿದಳು. ಊರವರು ಹೊಸ ತಂಬಿಗೆ ತಂದುಕೊಟ್ಟರೆ, ಚೆನ್ನಾಗಿದೆ ಅಂತ ಅದಕ್ಕೆ ಕಲಾಯಿ ಹಾಕಿ ಅವರಿಗೇ ವಾಪಸು ಕೊಡುತ್ತಿದ್ದಳು ಅಂತಾರೆ.

ಈಗಲೂ ಆ ಕಡೆ ಹೋದರೆ ನೋಡಿ. ಆರತಿ ನೀರನ್ನು ಯಾವ ಗಾಡಿಯ ಬಾಯಿಗೂ ಹಾಕಲ್ಲ, ಬೇವಿನ ಮರದ ಬುಡಕ್ಕೆ ಹಾಕ್ತಾರೆ. ಹೊಸ ಗಾಡಿ ತಂದರೆ ಮೂತಿಗೆ ಒಂದು ಬೊಟ್ಟು ಸುಣ್ಣ ಇಟ್ಟು, ಅದರ ಮೇಲೆ ಒಂದು ಹನಿ ಅರಿಶಿನದ ನೀರು ಬಿಡ್ತಾರೆ, ಕೆಂಪಾದ ಮೇಲೆಯೇ ಗಾಡಿ ಹೊರಡೋದು. ಮದುಮಗಳು ಕಾರಲ್ಲಿ ಹೋಗಲಿ, ಟೆಂಪೋದಲ್ಲಿ ಹೋಗಲಿ, ಸರ್ಕಾರಿ ಬಸ್ಸಲ್ಲೇ ಹೋಗಲಿ, ಮೂರನೇ ತಿರುವಿನಲ್ಲಿ ಗಾಡಿ ನಿಲ್ಲುತ್ತೆ. ಆ ಕಲ್ಲಿನ ಪಕ್ಕ ಯಾರೋ ಒಂದು ಗಡಿಗೆ ನೀರು ಇಟ್ಟಿರ್ತಾರೆ. ಹುಡುಗಿ ಬೊಗಸೆಯಲ್ಲಿ ಕುಡೀತಾಳೆ. ಕುಡಿಯೋ ಮುಂಚೆ ಅವಳು ಕೇಳಬೇಕು, ತಂಬಿಗೆ ಎಲ್ಲಿ, ಅಂತ. ಆಗ ಗಾಡಿ ಓಡಿಸೋನು, ಅವನಿಗೆ ಈ ಕಥೆ ಗೊತ್ತಿರಲಿ ಬಿಡಲಿ, ಮಾತಾಡದೆ ಗಾಡಿಯ ಮೂತಿಯ ಕಡೆ ಗದ್ದ ಎತ್ತಿ ತೋರಿಸ್ತಾನೆ.